ಬಿ.ವಿ.ಎ ಸಾಲ ತೀರಿತು: ವರ್ಷದ ಲೆಕ್ಕದಲ್ಲಿ ತೀರಿಸಿದ ನನ್ನ ಅನುಭವ

ಕಳೆದ ಮಾರ್ಚ್‌ನಲ್ಲಿ ಬ್ಯಾಂಕಿನಿಂದ 'ಬಾಕಿ ಇಲ್ಲ' ಪತ್ರ ಕೈಗೆ ಬಂತು. ಬಿ.ವಿ.ಎ, ಅಂದರೆ ಚಿತ್ರಕಲೆಯ ಡಿಗ್ರಿ, ಓದಲು ತೆಗೆದ ಏಳು ವರ್ಷದ ಸಾಲ, ಸುಮಾರು ಐದು ವರ್ಷಕ್ಕೇ ಮುಗಿಯಿತು. ಚಿತ್ರ ಬರೆದೇ ತೀರಿಸಿದ್ದು, ತೋಟ ಮಾರಿ ಅಲ್ಲ. "ಚಿತ್ರ ಓದೋನಿಗೆ ಸಾಲ ಕೊಟ್ಟ ಮ್ಯಾನೇಜರ್ರು ಯಾರು ಮಾರಾಯ?" ಅಂತ ನಕ್ಕವರು ಸಾಗರದ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಒಬ್ಬರು ಮೊನ್ನೆ ಮಗನನ್ನು ಕರೆದುಕೊಂಡು ಬಂದು, ಇವನನ್ನೂ ಸೇರಿಸಬಹುದಾ ಎಂದು ಕೇಳಿದರು. ಅವರಿಗೆ ಹೇಳಿದ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ, ಸ್ವಲ್ಪ ಆಚೀಚೆ ಇರಬಹುದು.

ಸಾಲ ತೆಗೆದದ್ದು 3.8 ಲಕ್ಷದ ಆಸುಪಾಸು. 4 ಲಕ್ಷದ ಒಳಗಿದ್ದರೆ ನಾವು ಕೈಯಿಂದ ಪಾಲು ಹಾಕಬೇಕಿಲ್ಲ, ಅಡಮಾನವೂ ಕೇಳುವುದಿಲ್ಲ. ಅದಕ್ಕೇ ಅಲ್ಲಿಗೆ ನಿಲ್ಲಿಸಿದ್ದು. ಫೀಸಿಗಿಂತ ಜಾಸ್ತಿ ತಿಂದದ್ದು ಬೆಂಗಳೂರಿನ ರೂಮು, ಊಟ, ಬಣ್ಣ, ಒಂದು ಲ್ಯಾಪ್‌ಟಾಪ್. ನಾಲ್ಕು ವರ್ಷ ಓದು, ಮೇಲೆ ಒಂದು ವರ್ಷ ಕಂತಿಗೆ ರಜೆ. ಬಡ್ಡಿಗೆ ರಜೆ ಇಲ್ಲ. ಕಂತು ಶುರುವಾಗುವ ಹೊತ್ತಿಗೆ ಸಾಲ ಐದೂಕಾಲು ಲಕ್ಷ ಆಗಿತ್ತು. ಬಡ್ಡಿ 11% ಹತ್ತಿರ, ಕಂತು ತಿಂಗಳಿಗೆ 9,000. ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ ಎಷ್ಟೋ ಬ್ಯಾಂಕುಗಳು ಬಡ್ಡಿ ದರದಲ್ಲಿ 1% ಬಿಡುತ್ತವೆ. ನಮ್ಮ ಮನೆಯಲ್ಲಿ ಆಗ ಆ ದುಡ್ಡು ಇರಲಿಲ್ಲ. ಮನೆಯಲ್ಲಿ ಆಗುವವರು ಕಟ್ಟಿ. ಇನ್ನು ಓದಿನ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ ಅಂತ ಎಲ್ಲರೂ ಹೇಳುತ್ತಾರೆ. ಇದೆ, ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ಆದರೆ ಮೊದಲು ತೆರಿಗೆ ಬೀಳುವಷ್ಟು ಆದಾಯ ಬೇಕಲ್ವಾ!

ಮೊದಲು ಶಿವಮೊಗ್ಗದ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾದೆ. ಸಂಬಳ ಹನ್ನೊಂದೋ ಹನ್ನೆರಡೋ ಸಾವಿರ. ಕಂತು ಹೋದರೆ ಬಸ್ ಚಾರ್ಜಿಗೇ ತಾಪತ್ರಯ. ಬೆಂಗಳೂರಿನ ಚಿತ್ರಸಂತೆಗೂ ಹೋದೆ. ಜನವರಿಯ ಒಂದು ಭಾನುವಾರ, ಕುಮಾರಕೃಪಾ ರಸ್ತೆ ತುಂಬಾ ಜನ. ಫ್ರೇಮು, ಬಸ್ಸು, ಲಾಡ್ಜು ಸೇರಿ ಹದಿನೈದು ಸಾವಿರ ಮುಳುಗಿತು. ದೊಡ್ಡ ಕ್ಯಾನ್ವಾಸ್ ಮುಂದೆ ನಿಂತು ಫೋಟೊ ತೆಗೆದರು, 500 ರೂಪಾಯಿಯ ಚಿಕ್ಕವನ್ನು ಕೊಂಡರು. ಮಾರಾಟವಾಗದ ಕ್ಯಾನ್ವಾಸುಗಳಿಗೆ ಆ ಮಳೆಗಾಲದಲ್ಲಿ ಬೂಸ್ಟು ಹಿಡಿಯಿತು. ಮಲೆನಾಡಿನಲ್ಲಿ ಸ್ಟಾಕ್ ಇಟ್ಟುಕೊಳ್ಳುವ ಕಲೆ ಮಾಡಲೇಬಾರದು ಅನ್ನೋದು ನನ್ನ ಅಭಿಪ್ರಾಯ.

ಆದರೂ ಮಧ್ಯೆ ಹಾಳೆ ತಟ್ಟೆಯ ಹುಚ್ಚು ಹತ್ತಿತು. ಅಡಿಕೆ ಹಾಳೆಯ ತಟ್ಟೆ ಮೇಲೆ ಚಿತ್ತಾರ ಬರೆದು ಜೋಗಕ್ಕೆ ಬರುವವರಿಗೆ ಮಾರುವುದು. ಬೇಸಿಗೆಯಲ್ಲಿ 150 ರೂಪಾಯಿಗೆ ಹೋಗುತ್ತಿತ್ತು. ವಾರ್ನಿಷ್ ಹೊಡೆದರೆ ಒಳಗಿನ ತೇವ ಒಳಗೇ ಉಳಿದು ಕಪ್ಪು ಚುಕ್ಕೆ, ಹೊಡೆಯದಿದ್ದರೆ ಮೇಲೆ ಬೂಸ್ಟು. ಹಾಳೆಯನ್ನು ಅಟ್ಟದ ಮೇಲೆ ಒಲೆ ಹೊಗೆಯಲ್ಲಿ ಇಟ್ಟು ನೋಡಿದೆ. ಬೂಸ್ಟು ಕಡಿಮೆಯಾಯಿತು, ಬಿಳಿ ಬಣ್ಣ ಹಳದಿಯಾಯಿತು. ಈಗಲೂ ವರ್ಷಕ್ಕೊಂದು ಸಲ ಕೈ ತುರಿಸುತ್ತದೆ.

ದುಡ್ಡು ಹುಟ್ಟಿದ್ದು ಗೋಡೆಯಲ್ಲಿ. ನಮ್ಮದು ದೀವರ ಸಮುದಾಯದ ಮನೆ, ಅಮ್ಮ ಮನೆ ಗೋಡೆಗೆ ಹಸೆ ಚಿತ್ತಾರ ಬರೆಯುವವಳು. ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳಿ, ಗುರಿಗೆ ಕಾಯಿಯ ಹಳದಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಹೋಂಸ್ಟೇಗಳಿಗೆ ಇದೇ ಬೇಕು. ಶುರುವಿನಲ್ಲಿ ಎಲ್ಲರ ಹಾಗೆ ಚದರಡಿ ಲೆಕ್ಕ, 120 ರೂಪಾಯಿ. ಅದು ಚಿತ್ತಾರಕ್ಕೆ ಒಗ್ಗುವ ಲೆಕ್ಕವೇ ಅಲ್ಲ. ಗೆರೆಯ ಎಳೆ ಒತ್ತಾಗಿದ್ದರೆ ನಾಲ್ಕಡಿ ಚೌಕಕ್ಕೆ ಹೋಗುವ ಹೊತ್ತಿನಲ್ಲಿ ಬೇರೆಯವರು ಇಡೀ ಗೋಡೆ ಮುಗಿಸುತ್ತಾರೆ. ಒಂದು ಕಡೆ ಜಿನುಗುವ ಗೋಡೆಗೆ ಬರೆಸಿಕೊಂಡರು. ಆಷಾಢದಲ್ಲಿ ಬಣ್ಣ ಪದರ ಪದರ ಎದ್ದಿತು. ಉಳಿದ 12,000 ಇನ್ನೂ ಬರಬೇಕು!

ಆಮೇಲೆ ದಿನದ ಲೆಕ್ಕಕ್ಕೆ ಬಂದೆ. ವರ್ಷದಲ್ಲಿ ಮಳೆಯ ನಾಲ್ಕು ತಿಂಗಳು ಬಿಡಿ. ಓಡಾಟ, ಅಳತೆ, ದುಡ್ಡಿಗೆ ಅಲೆಯುವುದು ಕಳೆಯಿರಿ. ಕುಂಚ ಹಿಡಿಯುವ ದಿನ ಸಿಗುವುದು 130ರ ಹತ್ತಿರ. ದಿನಕ್ಕೆ 2,500 ನನ್ನ ಕೂಲಿ, ಬಣ್ಣ ಬೇರೆ, ಜೊತೆಗೆ ಬರುವ ಊರಿನ ಹೆಂಗಸರ ಕೂಲಿ ಬೇರೆ, ಅರ್ಧ ಮುಂಗಡ. ಅಂದರೆ ವರ್ಷಕ್ಕೆ ಮೂರು, ಮೂರೂಕಾಲು ಲಕ್ಷ. "ಈ ರೇಟಿಗೆ ಯಾರು ಕರೀತಾರೋ?" ಅಂತ ಓದಿದ ಗೆಳೆಯರೇ ಅಂದರು. ಮೊದಲ ವರ್ಷ ಕರೆದವರು ಕಡಿಮೆ, ನಿಜ. ಮೂರನೇ ವರ್ಷದಿಂದ ನಾನೇ ದಿನಾಂಕ ಕೊಡುತ್ತಿದ್ದೇನೆ. ಕೊಟೇಶನ್‌ನಲ್ಲಿ ಮೂರು ಸಾಲು ಇರುತ್ತದೆ. ಮೂರನೇ ಸಾಲಿನಲ್ಲಿ ಏನಿರುತ್ತದೆ ಅನ್ನೋದು ನನ್ನ ಹೊಟ್ಟೆಪಾಡು, ಹೇಳಲ್ಲ. ಮಳೆಗೆ ಜಗ್ಗದ ಕೆಂಪಿಗೆ ಏನು ಬೆರೆಸುತ್ತೇನೆ ಅನ್ನೋದನ್ನೂ ಕೇಳಬೇಡಿ.

ಕಂತು ತಿಂಗಳಿಗೊಮ್ಮೆ, ಆದಾಯ ಅಕ್ಟೋಬರಿನಿಂದ ಮೇವರೆಗೆ ಮಾತ್ರ. ಅಪ್ಪಯ್ಯ ಅಡಿಕೆ ದುಡ್ಡನ್ನು ವರ್ಷಕ್ಕೆ ಹಂಚುವ ಹಾಗೆ ನಾನೂ ಹಂಚಿದೆ. ಎರಡನೇ ಖಾತೆ ತೆರೆದೆ, ಎಟಿಎಂ ಕಾರ್ಡು ತೆಗೆದುಕೊಳ್ಳಲಿಲ್ಲ. ನನ್ನ ಕೂಲಿಯಲ್ಲಿ ನೂರಕ್ಕೆ ನಲವತ್ತು ಬಂದ ದಿನವೇ ಅಲ್ಲಿಗೆ. ಕಂತು ಅಲ್ಲಿಂದಲೇ ಕಟ್ಟಾಗುತ್ತಿತ್ತು. ಮೇ ಕೊನೆಗೆ ಅಲ್ಲಿ ಮಳೆಯ ನಾಲ್ಕು, ಮೇಲೊಂದು, ಹೀಗೆ ಐದು ತಿಂಗಳ ಕಂತು, ಅಂದರೆ 45,000 ಇರಲೇಬೇಕಿತ್ತು. ಮೇಲೆ ಉಳಿದದ್ದು ನೇರ ಅಸಲಿಗೆ. ಅಸಲಿಗೆ ಕಟ್ಟುವಾಗ ಕಂತು ಅಷ್ಟೇ ಇರಲಿ, ಅವಧಿ ಕಡಿಮೆ ಮಾಡಿ ಎಂದು ಬರೆದು ಕೊಡಿ. ಬಾಯಿಮಾತಿಗೆ ಬಿಟ್ಟರೆ ಕಂತು ಇಳಿಸಿ ಅವಧಿ ಹಾಗೇ ಇಟ್ಟುಬಿಡಬಹುದು.

ಹಾಗಾದರೆ ಡಿಗ್ರಿ ಲಾಭವೋ ನಷ್ಟವೋ? ಅಮ್ಮನಿಂದ ಕಲಿತದ್ದಕ್ಕೆ ಬಿ.ವಿ.ಎ ಯಾಕೆ ಅನ್ನುವವರಿಗೂ ಇದೇ ಉತ್ತರ. ಬ್ಯಾಂಕಿಗೆ ಹೋದದ್ದು ಒಟ್ಟು ಆರೂಮುಕ್ಕಾಲು ಲಕ್ಷ ಇರಬೇಕು. ಆ ನಾಲ್ಕು ವರ್ಷ ನಾನು ದುಡಿಯಲಿಲ್ಲ. ಐಟಿಐ ಮಾಡಿದ ಪಕ್ಕದ ಮನೆಯವನು ಅಷ್ಟರಲ್ಲಿ ಐದು ಲಕ್ಷ ದುಡಿದಿದ್ದ. ಅದನ್ನೂ ಸೇರಿಸಿದರೆ ಹನ್ನೊಂದೂಮುಕ್ಕಾಲು ಲಕ್ಷ ಆಗುತ್ತದೆ. ಇಲ್ಲಿ ಬೋರ್ಡು ಬರೆಯುವ ಪೇಂಟರ್‌ಗೆ ದಿನಕ್ಕೆ 1,200. ನನಗೆ 1,300 ಜಾಸ್ತಿ ಸಿಗುವುದು ಆರ್ಕಿಟೆಕ್ಟ್ ಕೊಟ್ಟ ನಕ್ಷೆ ಓದಿ, ಅಮ್ಮನ ಅಂಗೈಯಗಲದ ಎಳೆಯನ್ನು ಇಪ್ಪತ್ತಡಿ ಗೋಡೆಗೆ ಕೆಡದ ಹಾಗೆ ಹಿಗ್ಗಿಸುವುದಕ್ಕೆ. ಅದು ಕಾಲೇಜಿನಲ್ಲೇ ಕಲಿತದ್ದು. ಆ 1,300 ವರ್ಷಕ್ಕೆ 1.7 ಲಕ್ಷ. ಅಂದರೆ ಪೂರಾ ವಸೂಲಾಗಲು ಹತ್ತಿರ ಹತ್ತಿರ ಏಳು ವರ್ಷ ಬೇಕು. ಸಾಲ ತೀರಿದೆ, ಡಿಗ್ರಿ ಇನ್ನೂ ತೀರಿಲ್ಲ.

ಮುಂದಿನ ಡಿಗ್ರಿ ಎಂ.ವಿ.ಎ ಮಾಡು ಅಂತ ಗೆಳೆಯರು ದುಂಬಾಲು ಬಿದ್ದಿದ್ದಾರೆ. ಮಾಡಿದರೆ ದಿನದ ರೇಟು ಎಷ್ಟಕ್ಕೆ ಏರುತ್ತದೆ ಎಂದು ಕೇಳಿದರೆ ಎಲ್ಲರೂ ಮಾತು ಬದಲಿಸುತ್ತಾರೆ. ಸದ್ಯಕ್ಕೆ ಆ 9,000 ಆರ್‌.ಡಿ.ಗೆ ಹೋಗುತ್ತಿದೆ. ಕಬ್ಬಿಣದ ಅಟ್ಟಣಿಗೆಯ ಬಾಡಿಗೆ ಕಟ್ಟಿ ಸಾಕಾಗಿದೆ, ಮಳೆ ಮುಗಿಯುವುದರೊಳಗೆ ಸ್ವಂತದ್ದೊಂದು ಸೆಟ್ ತೆಗೆದುಕೊಳ್ಳಬೇಕು.