ಅಗಲ ಪರದೆ, ಅಪ್ಪನ ಕುರ್ಚಿ

ನಮ್ಮ ಮನೆಗೆ ಮೊದಲ ಅಗಲ ಪರದೆಯ ಟಿವಿ ಬಂದ ದಿನ ಅಪ್ಪ ಐದು ನಿಮಿಷ ನೋಡಿ, "ಹಳೇದಕ್ಕಿಂತ ಚಿಕ್ಕದಾಯ್ತಲ್ಲೋ" ಅಂದರು. ನನಗೆ ರೇಗಿತು. 29 ಇಂಚಿನ ಡಬ್ಬಾ ಟಿವಿ ತೆಗೆದು 32 ಇಂಚಿನದು ಇಟ್ಟಿದ್ದೇನೆ, ಚಿಕ್ಕದು ಹೇಗಾಗುತ್ತೆ? ಅವರು ಮಲಗಿದ ಮೇಲೆ, ಮೂಲೆಯಲ್ಲಿ ಇನ್ನೂ ಬಿದ್ದಿದ್ದ ಹಳೇ ಟಿವಿಗೂ ಹೊಸದಕ್ಕೂ ಟೇಪು ಹಿಡಿದು ಅಳೆದೆ. ಅವರು ಹೇಳಿದ್ದೇ ಸರಿ.

ಇಂಚು ಅಂದರೆ ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದದ್ದು. ಅದರಿಂದ ಎತ್ತರ ಎಷ್ಟು ಅಂತ ಗೊತ್ತಾಗುವುದಿಲ್ಲ. ಹಳೇ ಟಿವಿಯ ಆಕಾರ 4:3, ಅಂದರೆ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು. ಆ 29 ಇಂಚಿನಲ್ಲಿ ಕಣ್ಣಿಗೆ ಕಾಣುತ್ತಿದ್ದದ್ದು ಓರೆಯಾಗಿ 68 ಸೆಂಟಿಮೀಟರ್, ಎತ್ತರ ಸುಮಾರು 41. ಹೊಸದು 16:9. ಅಗಲ 71 ಸೆಂಟಿಮೀಟರ್ ಇದ್ದರೂ ಎತ್ತರ 40 ಸಹ ಮುಟ್ಟುವುದಿಲ್ಲ. ಅಪ್ಪ ನೋಡುವುದು ಹೆಚ್ಚಾಗಿ ಕಪ್ಪು-ಬಿಳುಪು ಕಾಲದ ಸಿನಿಮಾ, ಹಳೇ ಕಾರ್ಯಕ್ರಮಗಳು. ಅವೆಲ್ಲ ಹೆಚ್ಚುಕಡಿಮೆ 4:3 ಆಕಾರದವೇ. ಹಾಗಾಗಿ ಅವರ ಪಾಲಿಗೆ ಚಿತ್ರ ಒಂದು ಸೆಂಟಿಮೀಟರ್ ಕುಗ್ಗಿ, ಎರಡೂ ಪಕ್ಕ ಕಪ್ಪು ಪಟ್ಟಿ ಬೇರೆ ಬಂದಿತ್ತು. ಹಳೇ ಚೌಕದ ಟಿವಿಯಷ್ಟೇ ಎತ್ತರ ಬೇಕಿದ್ದರೆ ಅದರಲ್ಲಿ ಕಣ್ಣಿಗೆ ಕಾಣುವ ಓರೆ ಅಳತೆಯನ್ನು 1.22ರಿಂದ ಗುಣಿಸಬೇಕು ಅನ್ನುವುದು ನನಗೆ ಹೊಳೆದದ್ದು ಆ ರಾತ್ರಿ, ದುಡ್ಡು ಕೊಟ್ಟಾದ ಮೇಲೆ.

ಆ ಟಿವಿ ಹಲವು ವರ್ಷ ಬಾಳಿತು. ಎರಡನೇ ಸಲ ಕೊಳ್ಳುವಾಗ ನಾನು ಟಿವಿಯನ್ನು ನೋಡುವ ಮೊದಲು ಮನೆಯವರು ಕೂರುವ ಜಾಗಗಳನ್ನು ಅಳೆದೆ. ಸೋಫಾದಿಂದ ಗೋಡೆಗೆ 2.7 ಮೀಟರ್. ಪರದೆಯ ಓರೆ ಅಳತೆಯನ್ನು 1.6ರಿಂದ ಗುಣಿಸಿದಷ್ಟು ದೂರದಲ್ಲಿ ಕೂತರೆ ಅದು ಕಣ್ಣಿಗೆ ಸುಮಾರು 30 ಡಿಗ್ರಿ ಅಗಲವಾಗಿ ಕಾಣುತ್ತದೆ, ಸಿನಿಮಾ ನೋಡಲು ಅಷ್ಟು ಸಾಕು ಅನ್ನುವುದು ಚಾಲ್ತಿಯಲ್ಲಿರುವ ಲೆಕ್ಕ. ಅದರ ಪ್ರಕಾರ 65 ಇಂಚು ನಮ್ಮ ಸೋಫಾಕ್ಕೆ ಸರಿಹೊಂದುತ್ತಿತ್ತು. ಆದರೆ ಅಪ್ಪನ ಕುರ್ಚಿ ಸೋಫಾದ ಸಾಲಿನಲ್ಲಿಲ್ಲ. ಅದು ಗೋಡೆಗೆ ಹತ್ತಿರ, ಪಕ್ಕಕ್ಕೆ ವಾರೆಯಾಗಿ, ಕಿಟಕಿಯ ಬುಡದಲ್ಲಿದೆ. ಅದನ್ನು ಸರಿಸುವ ಮಾತೇ ಇಲ್ಲ.

ಹಳೇ ಪೇಪರುಗಳನ್ನು ಅಂಟಿಸಿ ಎರಡು ಹಾಳೆ ಮಾಡಿದೆ. 65 ಇಂಚಿಗೆ 144 ಸೆಂಟಿಮೀಟರ್ ಅಗಲ, 81 ಎತ್ತರ. 55 ಇಂಚಿಗೆ 122 ಅಗಲ, 68 ಎತ್ತರ. ದೊಡ್ಡದನ್ನು ಮೊದಲು ಗೋಡೆಗೆ ಹಚ್ಚಿ ಎರಡು ದಿನ ಬಿಟ್ಟೆ. ಹೆಂಡತಿ ಬಂದುಹೋಗುವಾಗೆಲ್ಲ "ಇದೇನ್ರೀ, ಗೋಡೆಗೆ ಬಾಗಿಲು ಇಡಿಸ್ತೀರಾ?" ಅಂತ ಕೇಳಿದಳು. ಅಪ್ಪ ಕುರ್ಚಿಯಲ್ಲಿ ಕೂತು ಎಡದಿಂದ ಬಲಕ್ಕೆ ಕತ್ತು ತಿರುಗಿಸಿ ತೋರಿಸಿದರು. ಇನ್ನೊಂದು ಕಾರಣವೂ ಇತ್ತು. ಅಪ್ಪನ ಚಾನೆಲ್‌ಗಳಲ್ಲಿ ಹಲವು ಇನ್ನೂ ಹಳೇ ಗುಣಮಟ್ಟದವು, 720 ಅಡ್ಡ 576 ಉದ್ದ ಚುಕ್ಕಿಗಳವು. 4ಕೆ ಪರದೆಯಲ್ಲಿ 3840 ಅಡ್ಡ 2160. ಲೆಕ್ಕ ಹಾಕಿದರೆ ಸರಿಯಾಗಿ ಇಪ್ಪತ್ತು ಪಟ್ಟು. ಒಂದು ಚುಕ್ಕಿಯನ್ನು ಇಪ್ಪತ್ತು ಮಾಡಿ ಹರಡಿದಾಗ ಮುಖಗಳೆಲ್ಲ ನೀರು ಬಿದ್ದ ಬಣ್ಣದ ಹಾಗೆ ಕಲಸಿಕೊಳ್ಳುತ್ತವೆ, ಪರದೆ ದೊಡ್ಡದಾದಷ್ಟೂ ಅದು ಎದ್ದು ಕಾಣುತ್ತದೆ. 55 ಸಾಕು ಅಂತ ತೀರ್ಮಾನವಾಯಿತು.

ಪೇಪರು ತೆಗೆಯುವ ಮೊದಲು ಮಾಡಿದ ಇನ್ನೊಂದು ಕೆಲಸವನ್ನು ಯಾರಿಗಾದರೂ ಹೇಳಿಕೊಡುತ್ತೇನೆ. ಟಿವಿ ಬರುವ ಜಾಗದಲ್ಲಿ ಮಗಳಿಗೆ ಒಂದು ಕನ್ನಡಿ ಹಿಡಿದು ನಿಲ್ಲಲು ಹೇಳಿ, ನಾನು ಒಂದೊಂದೇ ಜಾಗದಲ್ಲಿ ಕೂತು ನೋಡಿದೆ. ಕನ್ನಡಿಯಲ್ಲಿ ಏನು ಕಂಡರೂ ಕಪ್ಪು ದೃಶ್ಯ ಬಂದಾಗ ಟಿವಿಯಲ್ಲೂ ಅದೇ ಕಾಣುತ್ತದೆ. ಸೋಫಾದಿಂದ ನೋಡಿದರೆ ನಟ್ಟನಡುವೆ ಟ್ಯೂಬ್‌ಲೈಟು! ಟಿವಿಯನ್ನು ಒಂದು ಗೇಣು ಎಡಕ್ಕೆ ಸರಿಸಿ, ದೀಪವನ್ನು ಪಕ್ಕದ ಗೋಡೆಗೆ ಹಾಕಿಸಿದೆ.

ಅಂಗಡಿಯಲ್ಲಿ ನೇರ ಎದುರಿಗೆ ನಿಂತವನಿಗೆ ಎಲ್ಲ ಟಿವಿಯೂ ಚೆನ್ನಾಗಿಯೇ ಕಾಣುತ್ತದೆ. ನಾನು ಅಪ್ಪನ ಕುರ್ಚಿಯ ಓರೆ ನೆನೆಸಿಕೊಂಡು ಪಕ್ಕಕ್ಕೆ ಸರಿದು ನೋಡಿದೆ. ವಿಎ ಅನ್ನುವ ಬಗೆಯ ಎಲ್‌ಸಿಡಿ ಪರದೆಯಲ್ಲಿ ಕಪ್ಪು ಗಟ್ಟಿ ಕಪ್ಪೇ, ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅಂತರ, 3000:1 ಅಥವಾ ಇನ್ನೂ ಮೇಲೆ ಇರುತ್ತದೆ. ಆದರೆ ಪಕ್ಕಕ್ಕೆ ಹೋದ ಹಾಗೆ ಬಣ್ಣ ತೊಳೆದಂತಾಗುತ್ತದೆ. ಐಪಿಎಸ್ ಅನ್ನುವ ಇನ್ನೊಂದು ಬಗೆಯಲ್ಲಿ ಕಾಂಟ್ರಾಸ್ಟ್ 1000:1ರ ಆಸುಪಾಸು, ಕತ್ತಲೆ ಕೋಣೆಯಲ್ಲಿ ಕಪ್ಪು ಬೂದಿಯಾಗಿ ಕಾಣುತ್ತದೆ, ಆದರೆ ಪಕ್ಕದಲ್ಲಿ ಕೂತವನಿಗೂ ಬಣ್ಣ ಕೆಡುವುದಿಲ್ಲ. ಒಂದೊಂದು ಚುಕ್ಕಿಯೂ ತಾನೇ ಬೆಳಗುವ ಒಎಲ್‌ಇಡಿ ಎರಡರಲ್ಲೂ ಗೆಲ್ಲುತ್ತದೆ, ನನ್ನ ಕಣ್ಣು ಅದರ ಮೇಲೆಯೇ ಇತ್ತು. ಆದರೆ ನಮ್ಮಲ್ಲಿ ಬೆಳಗಿನಿಂದ ರಾತ್ರಿವರೆಗೆ ಒಂದೇ ವಾರ್ತಾ ಚಾನೆಲ್ಲು, ಒಂದೇ ಮೂಲೆಯಲ್ಲಿ ಒಂದೇ ಲಾಂಛನ, ಕೆಳಗೆ ಒಂದೇ ಕೆಂಪು ಪಟ್ಟಿ. ಅಂಥದ್ದು ಒಎಲ್‌ಇಡಿಯಲ್ಲಿ ಕಾಲಕ್ರಮೇಣ ಅಚ್ಚೊತ್ತಿಬಿಡುವ ಅಪಾಯವಿದೆ. ಐಪಿಎಸ್ ತಂದೆ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವಾಗ ಆ ಬೂದಿ ಕಪ್ಪು ಇವತ್ತಿಗೂ ಚುಚ್ಚುತ್ತದೆ. ಟಿವಿಯ ಹಿಂದೆ ಒಂದು ಮಂದ ಬಿಳಿ ದೀಪ ಹಚ್ಚಿದ ಮೇಲೆ ಸ್ವಲ್ಪ ಸಮಾಧಾನ.

ಗೋಡೆಗೆ ಹಾಕುವಾಗ ನಾನೇ ಎಡವಿದೆ. ಕೂರಿಸಲು ಬಂದವರು ನಿಂತ ಎತ್ತರಕ್ಕೆ ಗುರುತು ಹಾಕಿದರು, ನಾನೂ ನಿಂತೇ ನೋಡಿ ತಲೆಯಾಡಿಸಿದೆ. ಟಿವಿಯನ್ನು ಯಾರೂ ನಿಂತು ನೋಡುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಎಲ್ಲರಿಗೂ ಕತ್ತು ನೋವು. ಕೂತಾಗ ನಮ್ಮ ಕಣ್ಣು ನೆಲದಿಂದ ಒಂದು ಮೀಟರಿಗಿಂತ ತುಸು ಮೇಲಿರುತ್ತದೆ, ಪರದೆಯ ನಡುಭಾಗ ಅಲ್ಲಿಗೆ ಬರಬೇಕು. ಅಂದರೆ 55 ಇಂಚಿನ ಟಿವಿಯ ಕೆಳ ಅಂಚು ನೆಲದಿಂದ 70 ಸೆಂಟಿಮೀಟರಿನಷ್ಟು ಮೇಲೆ. ಮತ್ತೆ ಕೊರೆಸಿದೆ. ಮೊದಲಿನ ನಾಲ್ಕು ತೂತು ಈಗಲೂ ಟಿವಿಯ ಮೇಲ್ಗಡೆ ಕ್ಯಾಲೆಂಡರಿನ ಹಿಂದಿವೆ.

ಚಿತ್ರದ ಸೆಟ್ಟಿಂಗು ಬೇಗ ಮುಗಿಯಿತು. ಅಂಗಡಿಯ ಬೆಳಕಿಗಾಗಿ ಇಟ್ಟಿದ್ದ ವಿವಿಡ್ ಮೋಡ್ ಬಿಟ್ಟು ಸಿನಿಮಾ ಮೋಡ್‌ಗೆ ಬಂದೆ. ಮೊದಲೆರಡು ದಿನ ಎಲ್ಲ ಹಳದಿಯಾಗಿ ಕಂಡು, ಮೂರನೇ ದಿನ ಕಣ್ಣು ಒಗ್ಗಿತು. ಶಾರ್ಪ್‌ನೆಸ್ ಇಳಿಸಿದೆ. "ಸಿನಿಮಾ ಯಾಕ್ರೀ ಧಾರಾವಾಹಿ ಥರ ಕಾಣ್ತಿದೆ?" ಅಂತ ಹೆಂಡತಿ ಕೇಳಿದ್ದು ಸರಿಯಾದ ಪ್ರಶ್ನೆ. ಸೆಕೆಂಡಿಗೆ 24 ಚಿತ್ರಗಳ ಸಿನಿಮಾಕ್ಕೆ ಟಿವಿ ತಾನೇ ನಡುವೆ ಹೊಸ ಚಿತ್ರಗಳನ್ನು ಹೆಣೆದು ಸೇರಿಸುತ್ತಿತ್ತು. ಮೋಷನ್ ಅನ್ನುವ ಹೆಸರಿನ ಆ ಆಯ್ಕೆಯನ್ನು ಆಫ್ ಮಾಡಿದೆ. ನಮ್ಮ ಟಿವಿಯಲ್ಲಿ ಇದನ್ನೆಲ್ಲ ಹೊರಗಿನ ಬಾಕ್ಸುಗಳನ್ನು ಜೋಡಿಸುವ ಒಂದೊಂದು ಎಚ್‌ಡಿಎಂಐ ಕಿಂಡಿಗೂ ಬೇರೆಬೇರೆಯಾಗಿ ಮಾಡಬೇಕು ಅಂತ ತಿಳಿಯಲು ಒಂದು ತಿಂಗಳು ಹಿಡಿಯಿತು.

ಅಮ್ಮನಿಗೆ ಚಿತ್ರದ ಗೊಡವೆಯೇ ಇರಲಿಲ್ಲ. "ಸದ್ದು ಬರುತ್ತೆ, ಮಾತು ಬರಲ್ಲ ಕಣೋ" ಅನ್ನುತ್ತಿದ್ದರು. ತೆಳ್ಳನೆಯ ಟಿವಿಯ ಸ್ಪೀಕರು ಕೆಳಮುಖವಾಗಿರುತ್ತದೆ, ಮಾತು ನೆಲಕ್ಕೆ ಬಡಿದು ನಮ್ಮ ಕಡೆ ಬರಬೇಕು. ಟಿವಿಯ ಕೆಳಗಿಡುವ ಉದ್ದನೆಯ ಸ್ಪೀಕರು, ಸೌಂಡ್‌ಬಾರ್, ತಂದು ಎಆರ್‌ಸಿ ಅಂತ ಬರೆದ, ಟಿವಿಯ ಸದ್ದನ್ನು ಹೊರಗೆ ಕಳಿಸುವ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿದೆ. ಮಾತು ತಿಳಿಯಾಯಿತು, ರಿಮೋಟು ಕೆಲಸ ನಿಲ್ಲಿಸಿತು. ಸೆಲ್ಲು ಬದಲಾಯಿಸಿದೆವು, ರಿಮೋಟನ್ನು ತಟ್ಟಿದೆವು. ಕೊನೆಗೆ ಮಗಳು ನೋಡಿ, "ಅಪ್ಪಾ, ಟಿವಿ ಕಣ್ಣಿಗೇ ಅಡ್ಡ ಇಟ್ಟಿದ್ದೀಯ" ಅಂದಳು. ರಿಮೋಟಿನ ಸಂಕೇತ ಹಿಡಿಯುವ ಆ ಕಣ್ಣಿಗೆ ಅಡ್ಡವಿದ್ದ ಸೌಂಡ್‌ಬಾರನ್ನು ಎರಡು ಇಂಚು ಕೆಳಗಿಳಿಸಿದರೆ ಆಗಿಹೋಯಿತು. ತುಟಿ ಮೊದಲು, ಮಾತು ಆಮೇಲೆ ಬರುತ್ತಿದ್ದದ್ದನ್ನು ಸೆಟ್ಟಿಂಗಿನಲ್ಲಿ ಆಡಿಯೋ ಡಿಲೇ ಕಡಿಮೆ ಮಾಡಿ ಸರಿಪಡಿಸಿದೆ.

ಅಪ್ಪನ ಜೊತೆಗಿನ ಜಗಳ ಮಾತ್ರ ಕಪ್ಪು ಪಟ್ಟಿಯ ಬಗ್ಗೆಯೇ ಉಳಿಯಿತು. "ಪೂರ್ತಿ ಗಾಜಿಗೆ ದುಡ್ಡು ಕೊಟ್ಟಿದ್ದೀಯ, ಮುಕ್ಕಾಲು ಯಾಕೆ ನೋಡಬೇಕು?" ಅವರ ಲೆಕ್ಕ ಕರಾರುವಾಕ್ಕು: 4:3 ಚಿತ್ರ 16:9 ಪರದೆಯ ಅಗಲದಲ್ಲಿ ಸರಿಯಾಗಿ ಮುಕ್ಕಾಲು ಭಾಗ ತುಂಬುತ್ತದೆ. ಅವರು ರಿಮೋಟಿನಲ್ಲಿ ಎಳೆದು ಅಗಲ ಮಾಡುವುದು, ನಾನು ಬಂದು ಸರಿಮಾಡುವುದು. ಎಳೆದರೆ ಮನುಷ್ಯರು ಮೂರನೇ ಒಂದರಷ್ಟು ದಪ್ಪಗಾಗುತ್ತಾರೆ, ಚೆಂಡು ಮೊಟ್ಟೆಯಾಗುತ್ತದೆ ಅಂದರೂ ಕೇಳಲಿಲ್ಲ. ನಡುವೆ ಒಂದು ಸಂಜೆ ನಾಲ್ಕೂ ಕಡೆ ಪಟ್ಟಿ ಬಂದು ಚಿತ್ರ ಅಂಚೆಚೀಟಿಯಂತಾಯಿತು. ಅದಕ್ಕೆ ಅಪ್ಪನನ್ನೇ ಬೈದೆ. ತಪ್ಪು ಸೆಟ್-ಟಾಪ್ ಬಾಕ್ಸಿನದು: ಅದರೊಳಗೆ ಆಕಾರ 4:3 ಅಂತ ಇತ್ತು, ಬಾಕ್ಸು ಮೇಲೆ ಕೆಳಗೆ ಪಟ್ಟಿ ಸೇರಿಸಿ ಕಳಿಸುತ್ತಿತ್ತು, ಟಿವಿ ಅದರ ಎರಡು ಪಕ್ಕ ಸೇರಿಸುತ್ತಿತ್ತು. ಬಾಕ್ಸನ್ನು 16:9 ಮಾಡಿದೆ. ಅಪ್ಪನ ಕ್ಷಮೆ ಕೇಳಿದೆನೋ ಇಲ್ಲವೋ ನೆನಪಿಲ್ಲ.

ಆಮೇಲೊಂದು ದಿನ ಅಪ್ಪ ಅಮ್ಮನ ಮದುವೆಯ ಹಳೇ ವಿಡಿಯೋ ಟೇಪನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದೆ. ಹಾಕಿದಾಗ ಟಿವಿ ಅಪ್ಪನ ಸೆಟ್ಟಿಂಗಿನಲ್ಲೇ ಇತ್ತು. ಹಸೆಮಣೆಯ ಮೇಲೆ ಕೂತ ಅಮ್ಮ ಪರದೆಯ ಉದ್ದಕ್ಕೂ ಹರಡಿಕೊಂಡಿದ್ದರು. "ನಾನು ಆವಾಗ್ಲೇ ಇಷ್ಟು ದಪ್ಪ ಇದ್ನಾ?" ಅಂತ ಅಮ್ಮ ಕೇಳಿದರು. ಅಪ್ಪ ನನ್ನ ಕಡೆ ತಿರುಗದೆಯೇ ಅಂದರು, "ಆ ಪಟ್ಟಿ ಹಾಕೋ."

ಹಾಕಿದೆ. ಅಮ್ಮ ಸರಿಯಾದರು, ಪಕ್ಕದಲ್ಲಿ ಅಪ್ಪನೂ ಸಣ್ಣಗಾದರು. ಮಾರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ವಾರ್ತೆ ಓದುವವರು ಮತ್ತೆ ದಪ್ಪಗಾಗಿದ್ದರು.