ಎಂಬಿಬಿಎಸ್ ನಡುವೆ ದೀರ್ಘ ರಜೆ: ಹಾಜರಾತಿ, ಸ್ಕಾಲರ್‌ಶಿಪ್, ಸಾಲ ಕೆಡದಂತೆ ನಾನು ಕಡತ ಮಾಡುವ ಬಗೆ

ಬಾಗಲಕೋಟೆ ಕಡೆಯ ಮೆಡಿಕಲ್ ಕಾಲೇಜೊಂದರ ವಿದ್ಯಾರ್ಥಿ ವಿಭಾಗದಲ್ಲಿ ರಜೆಯ ಕಡತ ನೋಡುವುದು ನನ್ನ ಕೆಲಸ. ಕಾಮಾಲೆ, ಕ್ಷಯ, ಅಪಘಾತ, ಖಿನ್ನತೆ, ಹೆರಿಗೆ, ಕಾರಣ ಯಾವುದೇ ಇರಲಿ, ಅರ್ಜಿ ಕೈಗೆ ಬಂದ ಕೂಡಲೇ ಎರಡು ಮಾತು ಕೇಳುತ್ತೇನೆ: ಸ್ಕಾಲರ್‌ಶಿಪ್ ಬರುತ್ತದೆಯೇ? ಸಾಲ ಯಾವ ಬ್ರಾಂಚಿನಲ್ಲಿದೆ? ರಜೆ ಕೊಡುವವರು ಪ್ರಿನ್ಸಿಪಾಲರು, ಸ್ಕಾಲರ್‌ಶಿಪ್ ಕೊಡುವುದು ಇಲಾಖೆ, ಸಾಲ ಕೊಟ್ಟಿದ್ದು ಜಮಖಂಡಿಯದ್ದೋ ಮುದ್ದೇಬಿಹಾಳದ್ದೋ ಬ್ಯಾಂಕು. ಒಬ್ಬರಿಗೆ ತಿಳಿಸಿದ್ದು ಇನ್ನೊಬ್ಬರಿಗೆ ತಾನಾಗಿ ಮುಟ್ಟುವುದಿಲ್ಲ. ಕೆಡುವುದೆಲ್ಲ ಇಲ್ಲಿಯೇ.

ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟರೆ ಹಾಜರಿ ಬೀಳುತ್ತದೆ ಎಂದು ಪಾಲಕರು ನಂಬಿರುತ್ತಾರೆ. ಬೀಳುವುದಿಲ್ಲ. ಗೈರಾಗಿದ್ದು ಏಕೆ ಎಂಬುದನ್ನಷ್ಟೇ ಅದು ಹೇಳುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ ಪರೀಕ್ಷೆಗೆ ಕೂರಲು ಆಯಾ ವಿಷಯದ ಥಿಯರಿಯಲ್ಲಿ ಶೇ 75, ಪ್ರಾಕ್ಟಿಕಲ್ ಮತ್ತು ಕ್ಲಿನಿಕಲ್‌ನಲ್ಲಿ ಶೇ 80 ಹಾಜರಾತಿ ಬೇಕು. ಬೆಳಗಾವಿಯ ಸರ್ಕಾರಿ ಕಾಲೇಜು ಬಿಮ್ಸ್, ಬಾಗಲಕೋಟೆಯ ನಿಜಲಿಂಗಪ್ಪ, ವಿಜಯಪುರದ ಅಲ್-ಅಮೀನ್ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಇವೆ, ಬೆಳಗಾವಿಯ ಜೆಎನ್‌ಎಂಸಿ ಮತ್ತು ವಿಜಯಪುರದ ಬಿ.ಎಂ. ಪಾಟೀಲ ಕಾಲೇಜು ತಾವೇ ಪದವಿ ಕೊಡುವ ಡೀಮ್ಡ್ ವಿಶ್ವವಿದ್ಯಾಲಯಗಳಡಿ ಇವೆ. ಕಡತ ಹೋಗುವ ಟೇಬಲ್ ಬೇರೆ, ಈ ಲೆಕ್ಕ ಎಲ್ಲ ಕಡೆಗೂ ಒಂದೇ.

ಹೆಚ್ಚು ಏಟು ಬೀಳುವುದು ವಾರ್ಡ್ ಪೋಸ್ಟಿಂಗಿಗೆ, ಅಂದರೆ ಸರದಿಯಂತೆ ಆಸ್ಪತ್ರೆಯ ಒಂದೊಂದು ವಿಭಾಗದಲ್ಲಿ ಕಲಿಯುವ ಅವಧಿಗೆ. ನಾಲ್ಕು ವಾರದ ಪೋಸ್ಟಿಂಗ್ ವಾರಕ್ಕೆ 15 ತಾಸಿನಂತೆ 60 ತಾಸು ಎಂದಿಟ್ಟುಕೊಳ್ಳಿ. ಶೇ 80 ಎಂದರೆ 48 ತಾಸು. ತಪ್ಪಿಸಲು ಸಿಗುವುದು 12 ತಾಸು, ದಿನಕ್ಕೆ ಮೂರರಂತೆ ನಾಲ್ಕೇ ದಿನ. ಕಾಮಾಲೆಗೆ ಅದು ಯಾವ ಮೂಲೆಗೂ ಸಾಲದು. ಅದಕ್ಕೇ ಅರ್ಜಿ ಬರೆಸುವ ಮೊದಲು ಪ್ರತಿ ವಿಭಾಗದ ಹಾಜರಾತಿ ಶೀಟ್ ತರಿಸಿ, ವಾಪಸ್ ಬಂದ ಮೇಲೆ ಒಂದೂ ಕ್ಲಾಸು ಬಿಡದಿದ್ದರೂ ಗೆರೆ ದಾಟುತ್ತದೆಯೇ ಎಂದು ನೋಡುತ್ತೇನೆ. ದಾಟುವಂತಿದ್ದರೆ ಸಣ್ಣ ರಜೆ ಸಾಕು, ತಪ್ಪಿದ ಪೋಸ್ಟಿಂಗನ್ನು ಇನ್ನೊಂದು ತಂಡದ ಜತೆ ಮುಗಿಸಲು ಎಚ್‌ಓಡಿಯವರಿಂದ (ವಿಭಾಗದ ಮುಖ್ಯಸ್ಥರಿಂದ) ಲಿಖಿತ ಒಪ್ಪಿಗೆ ಪಡೆಯಬೇಕು. ದಾಟದಿದ್ದರೆ ಅರ್ಧ ಗುಣವಾದ ಮೈಯಲ್ಲಿ ಏಗುವುದಕ್ಕಿಂತ ಪೂರ್ತಿ ರಜೆ ಹಾಕಿ ಮುಂದಿನ ಬ್ಯಾಚಿಗೆ ಸೇರುವುದೇ ಒಳ್ಳೆಯದು. ಹಿಂದೆ ಬಿದ್ದವರಿಗೆಂದೇ ಬೇರೆಯಾಗಿ ನಡೆಸುವ ಸಪ್ಲಿಮೆಂಟರಿ ಬ್ಯಾಚ್ ಈಗ ಇಲ್ಲ, ಅವರು ಜೂನಿಯರ್‌ಗಳ ಜತೆಯೇ ಓದಬೇಕು.

ಎಷ್ಟು ರಜೆ ಹಾಕಿದರೂ ಪ್ರವೇಶದ ದಿನದಿಂದ ಒಂಬತ್ತು ವರ್ಷದೊಳಗೆ ಎಂಬಿಬಿಎಸ್ ಮುಗಿಯಬೇಕು, ಮೊದಲ ವರ್ಷಕ್ಕೆ ನಾಲ್ಕೇ ಅಟೆಂಪ್ಟ್. ರಜೆಯಿಂದ ಈ ಅವಧಿ ನಿಲ್ಲುವುದಿಲ್ಲ.

ಅರ್ಜಿಯಲ್ಲಿ ರಜೆಯ ಆರಂಭದ ದಿನಾಂಕ ಮತ್ತು ಮರಳುವ ಅಂದಾಜು ದಿನಾಂಕ ಎರಡೂ ಇರಲೇಬೇಕು. 'ಗುಣವಾಗುವವರೆಗೆ' ಎಂದು ಬರೆದು ಹೋದರೆ ಮುಂದೆ ಯಾರೂ ಲೆಕ್ಕ ಹಿಡಿಯಲಾರರು. ಸರ್ಟಿಫಿಕೇಟಿನಲ್ಲಿ ವೈದ್ಯರ ನೋಂದಣಿ ಸಂಖ್ಯೆ, ಸೀಲು, ವಿಶ್ರಾಂತಿಯ ಅವಧಿ ಇರಲಿ. ಮನೋರೋಗದ ಚಿಕಿತ್ಸೆಯಾದರೆ ಕೇಸ್ ಪೇಪರನ್ನೆಲ್ಲ ಲಗತ್ತಿಸಲು ಬಿಡುವುದಿಲ್ಲ, ಚಿಕಿತ್ಸೆಯಲ್ಲಿದ್ದಾರೆ, ಇಷ್ಟು ಕಾಲ ವಿಶ್ರಾಂತಿ ಬೇಕು ಎಂಬ ಪತ್ರ ಸಾಕು. ಗೋಪ್ಯತೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ಕಾಯಿಲೆ ಬಯಲಾದೀತು ಎಂದು ಹೆದರಿಯೇ ಹುಡುಗರು ರಜೆ ಕೇಳದೆ ಒಳಗೊಳಗೇ ಕುಸಿಯುತ್ತಾರೆ, ಅದು ಆಗಬಾರದು. ಅರ್ಜಿ ಕೊಟ್ಟ ಮೇಲೆ ಇನ್‌ವರ್ಡ್ ನಂಬರ್ (ಕಚೇರಿಗೆ ಬಂದ ಪತ್ರದ ದಾಖಲೆ ಸಂಖ್ಯೆ) ಬಿದ್ದ ಪ್ರತಿ ನಿಮ್ಮ ಕೈಯಲ್ಲಿರಬೇಕು. ಹಾಸ್ಟೆಲ್ ಕೋಣೆ ಬಿಡುತ್ತೀರೋ ಇಲ್ಲವೋ ಎಂಬುದನ್ನೂ ಬರೆದುಕೊಡಿ, ಇಲ್ಲದಿದ್ದರೆ ಮೆಸ್ ಬಿಲ್ ಏರುತ್ತಲೇ ಇರುತ್ತದೆ.

ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ನವೀಕರಣ ನಿಂತಿರುವುದು ಮುಂದಿನ ತರಗತಿಗೆ ಹೋಗುವುದರ ಮೇಲೆ. ಅದೇ ವರ್ಷ ಮತ್ತೆ ಓದುವವರ ಅರ್ಜಿ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಸಿಕ್ಕಿಬೀಳುತ್ತದೆ. ಅನಾರೋಗ್ಯದಿಂದ ಪರೀಕ್ಷೆ ತಪ್ಪಿದವರಿಗೆ ಪ್ರಿನ್ಸಿಪಾಲರಿಂದ 'ಪರೀಕ್ಷೆಗೆ ಕುಳಿತಿದ್ದರೆ ಪಾಸಾಗುತ್ತಿದ್ದರು' ಎಂಬ ಪತ್ರ ಮಾಡಿಸುತ್ತೇನೆ. ಪೋಸ್ಟ್ ಮೆಟ್ರಿಕ್ ನಿಯಮಗಳಲ್ಲಿ ನಡೆದುಬಂದ ಕಲಮಿನ ಮಾತೇ ಇದು. ಇಂಟರ್ನಲ್ ಅಂಕ ಚೆನ್ನಾಗಿದ್ದರೆ ಮಾತ್ರ ಪ್ರಿನ್ಸಿಪಾಲರು ಧೈರ್ಯವಾಗಿ ಸಹಿ ಹಾಕುತ್ತಾರೆ. ಹಾಗಾಗಿ ಆಗಿರುವ ಇಂಟರ್ನಲ್‌ಗಳ ಅಂಕಪಟ್ಟಿಯನ್ನು ರಜೆಗೆ ಹೋಗುವಾಗಲೇ ಕಡತಕ್ಕೆ ಸೇರಿಸಿ. ಇನ್ನೊಂದು ಎಚ್ಚರ: ಊರಲ್ಲಿದ್ದಾಗ ಬೇರೆ ಬ್ಯಾಂಕಿನಲ್ಲಿ ಆಧಾರ್ ಕೊಟ್ಟು ಹೊಸ ಖಾತೆ ತೆರೆದರೆ ಸೀಡಿಂಗ್, ಅಂದರೆ ಸ್ಕಾಲರ್‌ಶಿಪ್ ಹಣ ಬರಲು ಆಧಾರ್‌ಗೆ ಇರುವ ಖಾತೆಯ ಜೋಡಣೆ, ಅಲ್ಲಿಗೆ ಬದಲಾಗಬಹುದು. ಹಣ ಆ ಖಾತೆಗೆ ಹೋಗುತ್ತದೆ, ಇಲ್ಲಿ ಬಂದಿಲ್ಲ ಎಂದು ಹುಡುಕುತ್ತಾ ಕೂರುತ್ತೀರಿ.

ಸಾಲದ ವಿಷಯದಲ್ಲಿ ಅವಸರ ಬೇಕು. ಮಂಜೂರಾತಿ ಪತ್ರದಲ್ಲಿರುವ ಕೋರ್ಸು ಮುಗಿಯುವ ದಿನಾಂಕಕ್ಕೆ ಒಂದು ವರ್ಷ ಸೇರಿಸಿ ಬ್ಯಾಂಕಿನ ಕಂಪ್ಯೂಟರ್ ಕಂತು ಶುರು ಮಾಡುತ್ತದೆ. ನೀವು ಹಿಂದೆ ಬಿದ್ದಿದ್ದು ಅದಕ್ಕೆ ಗೊತ್ತಿರುವುದಿಲ್ಲ. 90 ದಿನ ಕಂತು ಬಾಕಿಯಾದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ), ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ ಜತೆ ಸಾಲಗಾರನಾದ ಅಪ್ಪನ ಹೆಸರೂ ಕೆಡುತ್ತದೆ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಕೋರ್ಸಿಗೆ ಎರಡು ವರ್ಷದವರೆಗೆ ವಿಸ್ತರಣೆಗೆ ಅವಕಾಶವಿದೆ, ಆದರೆ ಅದನ್ನು ಕೇಳಿ ಪಡೆಯಬೇಕು. ರಜೆ ಮಂಜೂರಾತಿಯ ಪ್ರತಿ, ಸ್ಟಡಿ ಸರ್ಟಿಫಿಕೇಟ್, ಹೊಸ ಮುಗಿಯುವ ದಿನಾಂಕ ನಮೂದಿಸಿದ ಕಾಲೇಜಿನ ಪತ್ರ, ಮೂರನ್ನೂ ಮ್ಯಾನೇಜರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕೇಂದ್ರದ ಬಡ್ಡಿ ಸಹಾಯಧನ ಪಡೆಯುವವರಿಗೆ ಇದು ಇನ್ನೂ ಮುಖ್ಯ. ನಡುವೆ ಕೋರ್ಸು ಬಿಟ್ಟವರಿಗೆ ಆ ಸಹಾಯಧನವಿಲ್ಲ, ವೈದ್ಯಕೀಯ ಕಾರಣಕ್ಕೆ ಬಿಟ್ಟಿದ್ದು ಎಂದು ದಾಖಲೆ ಸಹಿತ ಕಾಲೇಜಿನ ಮುಖ್ಯಸ್ಥರಿಗೆ ಮನವರಿಕೆ ಮಾಡಿದವರಿಗೆ ಮಾತ್ರ ವಿನಾಯಿತಿ. ರಜೆಯ ಆದೇಶದಲ್ಲಿ 'ವೈಯಕ್ತಿಕ ಕಾರಣ' ಎಂದು ಟೈಪಾಗಿದ್ದರೆ ಅಲ್ಲೇ ತಿದ್ದಿಸಿ, 'ವೈದ್ಯಕೀಯ ಕಾರಣ' ಎಂದೇ ಬರಬೇಕು.

ಕೊನೆಯ ಪರೀಕ್ಷೆ ಮುಗಿಸಿ ಆಸ್ಪತ್ರೆಯಲ್ಲಿ ಕಡ್ಡಾಯ ತರಬೇತಿ ಮಾಡುವ ಇಂಟರ್ನ್‌ಗಳ ದಾರಿ ಬೇರೆ. 12 ತಿಂಗಳಲ್ಲಿ ಮುಂಚಿತ ಅನುಮತಿಯೊಂದಿಗೆ 15 ದಿನ ರಜೆ. ಅದಕ್ಕಿಂತ ಹೆಚ್ಚು ತಪ್ಪಿದ್ದೆಲ್ಲ ಕೊನೆಗೆ ವಿಸ್ತರಣೆಯಾಗಿ ಬರುತ್ತದೆ. ವಿಸ್ತರಣೆಯ ದಿನಗಳಿಗೆ ಸ್ಟೈಪೆಂಡ್ ಇಲ್ಲ, ಹೆರಿಗೆ ಇಲ್ಲವೇ ಪಿತೃತ್ವ ರಜೆ, ಅಥವಾ ಮೆಡಿಕಲ್ ಬೋರ್ಡ್ ಶಿಫಾರಸು ಮಾಡಿದ ವೈದ್ಯಕೀಯ ರಜೆ ಬಿಟ್ಟು. ಆದ್ದರಿಂದ ಒಬ್ಬ ವೈದ್ಯರ ಚೀಟಿ ನಂಬಿ ಕೂರಬೇಡಿ, ಕಾಯಿಲೆ ಇರುವಾಗಲೇ ಬೋರ್ಡ್ ಮುಂದೆ ಹೋಗಿ. ಗುಣವಾದ ಮೇಲೆ ಹೋದರೆ ಬೋರ್ಡಿಗೆ ನೋಡಲು ಹಳೆಯ ರಿಪೋರ್ಟುಗಳಷ್ಟೇ ಉಳಿದಿರುತ್ತವೆ.