ಹಳೇ ಆಫೀಸ್ ಡೆಸ್ಕ್‌ಟಾಪ್‌ಗೆ ಗ್ರಾಫಿಕ್ಸ್ ಕಾರ್ಡ್: ಡೆಲ್ ಆಪ್ಟಿಪ್ಲೆಕ್ಸ್ 7010ಕ್ಕೆ ಯಾವುದು ಹೊಂದುತ್ತದೆ, ಹೇಗೆ ಕೂರಿಸಬೇಕು

ಕಂಪನಿಗಳು ಬಳಸಿ ಬಿಟ್ಟ ಆಪ್ಟಿಪ್ಲೆಕ್ಸ್ 7010 ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುತ್ತದೆ. 2012ರ ಮಾಡೆಲ್, ಸಾಮಾನ್ಯವಾಗಿ ಮೂರನೇ ತಲೆಮಾರಿನ ಇಂಟೆಲ್ ಐ5 ಅಥವಾ ಐ7, ಡಿಡಿಆರ್3 ರ‍್ಯಾಮ್. ಆಫೀಸ್ ಕೆಲಸಕ್ಕೆ ಇನ್ನೂ ಗಟ್ಟಿ. ಗೇಮ್, ವಿಡಿಯೊ ಎಡಿಟಿಂಗ್, ಬ್ಲೆಂಡರ್‌ನಂಥ 3ಡಿ ಸಾಫ್ಟ್‌ವೇರ್ ಎಂದಾಗ ಮಾತ್ರ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಕೈಕೊಡುತ್ತದೆ. ಇದಕ್ಕೆ ಯಾವ ಕಾರ್ಡ್ ಹಾಕಬಹುದು ಎಂಬುದನ್ನು ನಿಮ್ಮ ಬಜೆಟ್‌ಗಿಂತ ಮೊದಲು ಒಳಗಿರುವ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಮತ್ತು ಕ್ಯಾಬಿನೆಟ್‌ನ ಜಾಗ ತೀರ್ಮಾನಿಸುತ್ತವೆ. ಡೆಲ್ 2023ರಲ್ಲಿ 13ನೇ ತಲೆಮಾರಿನ ಯಂತ್ರಕ್ಕೂ ಇದೇ 7010 ಹೆಸರಿಟ್ಟಿದೆ. ಇಂಟರ್ನೆಟ್‌ನಲ್ಲಿ ಮಾಹಿತಿ, ಡ್ರೈವರ್ ಹುಡುಕುವಾಗ ಯಾವ 7010 ಎಂದು ನೋಡಿಕೊಳ್ಳಿ.

ಮೊದಲು ವ್ಯಾಟ್ ಲೆಕ್ಕ

ಪಕ್ಕದ ಮುಚ್ಚಳ ತೆಗೆದು ಎಸ್‌ಎಂಪಿಎಸ್ ಮೇಲಿನ ಸ್ಟಿಕರ್ ಓದಿ. ದೊಡ್ಡ ಮಿನಿ ಟವರ್ ಮಾದರಿಯಲ್ಲಿ 275 ವ್ಯಾಟ್, ಚಿಕ್ಕ ಎಸ್‌ಎಫ್‌ಎಫ್ ಮಾದರಿಯಲ್ಲಿ 240 ವ್ಯಾಟ್ ಇರುತ್ತದೆ. ಐ5-3470 ಪ್ರೊಸೆಸರ್‌ಗೆ 77 ವ್ಯಾಟ್, ಮದರ್‌ಬೋರ್ಡ್, ಡಿಸ್ಕ್, ಫ್ಯಾನ್ ಎಲ್ಲಕ್ಕೂ ಸೇರಿ 50 ಎಂದುಕೊಳ್ಳಿ. ಗ್ರಾಫಿಕ್ಸ್ ಕಾರ್ಡ್‌ಗೆ ಅದನ್ನು ಕೂರಿಸುವ ಮದರ್‌ಬೋರ್ಡ್ ಸ್ಲಾಟ್‌ನಿಂದಲೇ ಸಿಗುವ ವಿದ್ಯುತ್ ಹೆಚ್ಚೆಂದರೆ 75 ವ್ಯಾಟ್. ಒಟ್ಟು 200ರ ಆಸುಪಾಸು. 275 ವ್ಯಾಟ್ ಎಸ್‌ಎಂಪಿಎಸ್ ಹತ್ತು ವರ್ಷ ದಾಟಿದ್ದರೂ ಇಷ್ಟನ್ನು ತಾಳುತ್ತದೆ. ಹಾಗಾಗಿ ನಿಯಮ ಸರಳ: ಬೇರೆ ಪವರ್ ಕೇಬಲ್ ಕೇಳದ, 75 ವ್ಯಾಟ್ ಮೀರದ ಕಾರ್ಡ್.

ಅಂಗಡಿಯವರು ಇಲ್ಲೊಂದು ಅಡ್ಡದಾರಿ ತೋರಿಸಬಹುದು. 6 ಪಿನ್ ಪವರ್ ಬೇಕಾದ ಕಾರ್ಡ್ ಕೊಟ್ಟು, ಡಿಸ್ಕ್‌ಗೆ ಪವರ್ ಕೊಡುವ ಸಾಟಾ ಕನೆಕ್ಟರ್‌ನಿಂದ 6 ಪಿನ್‌ಗೆ ಹೋಗುವ ಕನ್ವರ್ಟರ್ ವೈರ್ ಹಾಕಿಕೊಳ್ಳಿ ಎನ್ನುತ್ತಾರೆ. ದಯವಿಟ್ಟು ಬೇಡ. ಸಾಟಾ ಪವರ್ ಕನೆಕ್ಟರ್‌ನಲ್ಲಿ 12 ವೋಲ್ಟ್‌ಗೆ ಇರುವುದು ಮೂರು ಪಿನ್, ಒಂದೊಂದಕ್ಕೆ 1.5 ಆಂಪಿಯರ್. ಅಂದರೆ ಒಟ್ಟು 54 ವ್ಯಾಟ್. 6 ಪಿನ್ ಕನೆಕ್ಟರ್ 75 ವ್ಯಾಟ್ ಎಳೆಯಬಲ್ಲದು. ಭಾರ ಬಿದ್ದಾಗ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹತ್ತಬಹುದು. ಇನ್ನೂ ದೊಡ್ಡ ಕಾರ್ಡ್ ಬೇಕೇಬೇಕು ಎಂದಾದರೆ ಎಸ್‌ಎಂಪಿಎಸ್ ಬದಲಿಸಿ. 7010 ಮಿನಿ ಟವರ್‌ನಲ್ಲಿ ಮಾಮೂಲಿ 24 ಪಿನ್ ಕನೆಕ್ಟರ್ ಇದೆ, ಸಾಧಾರಣ ಎಟಿಎಕ್ಸ್ ಎಸ್‌ಎಂಪಿಎಸ್ ನಡೆಯುತ್ತದೆ. ಮುಂದಿನ 9020 ಮಾದರಿಯಲ್ಲಿ ಡೆಲ್‌ನದೇ 8 ಪಿನ್ ಬಂತು. ಅದಕ್ಕೆ ಅಡಾಪ್ಟರ್ ಬೇಕು.

ಯಾವ ಕಾರ್ಡ್

ಮಿನಿ ಟವರ್‌ಗೆ ನಮ್ಮ ಆಯ್ಕೆ ಜಿಟಿಎಕ್ಸ್ 1650, ಆದರೆ 6 ಪಿನ್ ಇಲ್ಲದ ಮಾದರಿ. ಒಂದೇ ಹೆಸರಿನಲ್ಲಿ ಎರಡೂ ಬಗೆ ಮಾರಾಟವಾಗಿವೆ, ಕಾರ್ಡ್‌ನ ಮೇಲಂಚನ್ನು ನೋಡಿಯೇ ತೆಗೆದುಕೊಳ್ಳಿ. 1050 ಟಿಐ ಇನ್ನೂ ಅಗ್ಗ, ಆದರೆ ಆ ಸರಣಿಗೆ ಹೊಸ ಗೇಮ್ ಡ್ರೈವರ್‌ಗಳನ್ನು ಎನ್ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ. ಇನ್ನು ಸೆಕ್ಯುರಿಟಿ ಅಪ್‌ಡೇಟ್ ಮಾತ್ರ. ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವ್ಯಾಟ್‌ನದು, ವಿದ್ಯುತ್ತಿನ ಲೆಕ್ಕಕ್ಕೆ ಹೊಂದುತ್ತದೆ. ಆದರೆ ನಾಲ್ಕು ಕೋರ್‌ನ ಐ5 ಅದಕ್ಕೆ ಸಾಕಷ್ಟು ಕೆಲಸ ಒದಗಿಸಲಾರದು, ಕೊಟ್ಟ ದುಡ್ಡಿನ ಒಂದು ಪಾಲು ಸುಮ್ಮನೆ ಕೂತಿರುತ್ತದೆ.

ಜಿಟಿ 1030 ಕೊಳ್ಳುವವರು ಪೆಟ್ಟಿಗೆಯ ಮೇಲೆ ಮೆಮೊರಿ ಯಾವುದೆಂದು ಓದಲೇಬೇಕು. ಜಿಡಿಡಿಆರ್5 ಇದ್ದರೆ ಸೆಕೆಂಡಿಗೆ 48 ಜಿಬಿ ಬ್ಯಾಂಡ್‌ವಿಡ್ತ್, ಡಿಡಿಆರ್4 ಇದ್ದರೆ 17 ಜಿಬಿಗೂ ಕಡಿಮೆ. ಹೆಸರು ಒಂದೇ, ಕೆಲಸದಲ್ಲಿ ಅಜಗಜಾಂತರ. ಆರ್‌ಎಕ್ಸ್ 6400 ಕೇವಲ 53 ವ್ಯಾಟ್ ಬಳಸಿದರೂ ನಾಲ್ಕೇ ಲೇನ್‌ಗಳಲ್ಲಿ (ಸ್ಲಾಟ್‌ನಲ್ಲಿ ಮಾಹಿತಿ ಸಾಗುವ ದಾರಿಗಳು) ಓಡುವ ಕಾರ್ಡ್. ಅದಕ್ಕೆ ತಕ್ಕುದು ಪಿಸಿಐಇ (ಕಾರ್ಡ್ ಸ್ಲಾಟ್‌ನ ಮಾನದಂಡ) 4.0, ಈ ಯಂತ್ರದಲ್ಲಿರುವುದು 3.0, ಹಾಗಾಗಿ ವೇಗ ತಗ್ಗುತ್ತದೆ. ಎರಡನೇ ತಲೆಮಾರಿನ ಪ್ರೊಸೆಸರ್ ಇದ್ದರೆ 2.0ಕ್ಕೆ ಇಳಿಯುತ್ತದೆ. ವಿಡಿಯೊ ಎನ್‌ಕೋಡರ್ ಕೂಡ ಅದರಲ್ಲಿಲ್ಲ, ಹಾಗಾಗಿ ಎಡಿಟಿಂಗ್ ಮಾಡುವವರಿಗೆ ಬೇಡ. ಇಂಟೆಲ್ ಆರ್ಕ್ ಎ380ಯನ್ನೂ ಬಿಡಿ: ರೀಸೈಜಬಲ್ ಬಾರ್ (ಕಾರ್ಡ್‌ನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ಬಳಸುವ ಸೌಲಭ್ಯ) ಇಲ್ಲದ ಬೋರ್ಡ್‌ನಲ್ಲಿ ಅದರ ವೇಗ ಕುಸಿಯುತ್ತದೆ.

ಎಸ್‌ಎಫ್‌ಎಫ್ ಕ್ಯಾಬಿನೆಟ್‌ಗೆ ಅರ್ಧ ಎತ್ತರದ, ಅಂದರೆ ಲೋ ಪ್ರೊಫೈಲ್ ಕಾರ್ಡೇ ಆಗಬೇಕು. ಇದರಲ್ಲಿ ಪೂರ್ತಿ 16 ಲೇನ್‌ನ ಸ್ಲಾಟ್ ಪಕ್ಕದಲ್ಲೇ ಎಸ್‌ಎಂಪಿಎಸ್ ಇರುವುದರಿಂದ ಎರಡು ಸ್ಲಾಟ್ ದಪ್ಪದ ಕಾರ್ಡ್ ಹಿಡಿಸುವುದಿಲ್ಲ. ಒಂದೇ ಸ್ಲಾಟ್‌ನ ಎನ್ವಿಡಿಯಾ ಟಿ600 (40 ವ್ಯಾಟ್) ಅಥವಾ ಟಿ1000 (50 ವ್ಯಾಟ್) ಇಲ್ಲಿ ಚೆನ್ನಾಗಿ ಹೊಂದುತ್ತವೆ. ಅವುಗಳಲ್ಲಿ ಇರುವುದೆಲ್ಲ ಮಿನಿ ಡಿಸ್‌ಪ್ಲೇ ಪೋರ್ಟ್, ಕೇಬಲ್ ಜೊತೆಗೇ ತನ್ನಿ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಗಿಡ್ಡ ಬ್ರಾಕೆಟ್ ಇದೆಯೇ ಎಂದು ಕೇಳಿ. ಅದಿಲ್ಲದೆ ಕಾರ್ಡನ್ನು ಕ್ಯಾಬಿನೆಟ್‌ಗೆ ಬಿಗಿಯಲಾಗದು.

ನಕಲಿ ಕಾರ್ಡ್ ಮತ್ತು ಹಳೇ ಮಾನಿಟರ್

ಹಳೇ ಜಿಟಿಎಕ್ಸ್ 550 ಟಿಐಯ ಬಯೋಸ್ (ಒಳಗೇ ಬರೆದಿಟ್ಟ ಮೂಲ ಸಾಫ್ಟ್‌ವೇರ್) ತಿದ್ದಿ 1050 ಟಿಐ ಎಂದು ಮಾರುವ ದಂಧೆ ಇದೆ. ಜಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರ್ ಇಂಥವನ್ನು ಗುರುತಿಸಿ ಹೆಸರಿನ ಪಕ್ಕ ಫೇಕ್ ಎಂದು ತೋರಿಸುತ್ತದೆ. ಇನ್ನೊಂದು ಸುಳಿವು ನೀಲಿ ವಿಜಿಎ ಪೋರ್ಟ್. 1050 ಟಿಐ ಚಿಪ್‌ಗೆ ಅನಲಾಗ್ ಔಟ್‌ಪುಟ್ ಇಲ್ಲವೇ ಇಲ್ಲ, ಆದ್ದರಿಂದ ಆ ಹೆಸರಿನ ಕಾರ್ಡ್‌ನಲ್ಲಿ ವಿಜಿಎ ಕಂಡರೆ ಅನುಮಾನಿಸಿ. ಇದೇ ಕಾರಣಕ್ಕೆ, ನಿಮ್ಮ ಮಾನಿಟರ್‌ನಲ್ಲಿ ವಿಜಿಎ ಮಾತ್ರ ಇದ್ದರೆ ಒಳಗೆ ಚಿಪ್ ಇರುವ ಎಚ್‌ಡಿಎಂಐ-ವಿಜಿಎ ಕನ್ವರ್ಟರ್ ಬೇಕು. ಡಿವಿಐಗೆ ಸಿಕ್ಕಿಸುವ ಅಗ್ಗದ ಪಿನ್ ಅಡಾಪ್ಟರ್ ಕೆಲಸ ಮಾಡದು.

ಕೂರಿಸುವುದು

ಹೊಸ ಕಾರ್ಡ್ ಹಾಕುವ ಮೊದಲೇ ಮದರ್‌ಬೋರ್ಡ್‌ನ ಬಯೋಸ್ ಅಪ್‌ಡೇಟ್ ಮಾಡಿ. ಡೆಲ್ ಸೈಟ್‌ನಲ್ಲಿ ಸರ್ವಿಸ್ ಟ್ಯಾಗ್ ಕೊಟ್ಟು ಫೈಲ್ ಇಳಿಸಿಕೊಂಡು ವಿಂಡೋಸ್‌ನಿಂದಲೇ ಓಡಿಸಬಹುದು. ಆ ಹೊತ್ತಿನಲ್ಲಿ ಕರೆಂಟ್ ಹೋದರೆ ಬೋರ್ಡ್ ಸತ್ತಂತೆಯೇ, ಯುಪಿಎಸ್ ಇಲ್ಲದೆ ಕೈಹಾಕಬೇಡಿ. ಹಳೇ ಕಾರ್ಡ್ ಇದ್ದರೆ ಅದರ ಡ್ರೈವರನ್ನು ಸೇಫ್ ಮೋಡ್‌ನಲ್ಲಿ ಡಿಡಿಯು ಸಾಫ್ಟ್‌ವೇರ್‌ನಿಂದ ಅಳಿಸಿ.

ಶಟ್‌ಡೌನ್ ಮಾಡಿ, ಪವರ್ ಕೇಬಲ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಚಾರ್ಜ್ ಇಳಿಯುತ್ತದೆ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಳ್ಳಿ. ಧೂಳು ಈಗಲೇ ಊದಿ ತೆಗೆಯಿರಿ. ಡೆಲ್‌ನಲ್ಲಿ ಸ್ಕ್ರೂ ಇಲ್ಲದ ಲ್ಯಾಚ್ ಇರುತ್ತದೆ, ನೀಲಿ ಭಾಗ ಹಿಡಿದು ತೆರೆಯಿರಿ. ಕಾರ್ಡ್‌ನ ದಪ್ಪಕ್ಕೆ ತಕ್ಕಂತೆ ಹಿಂದಿನ ಒಂದೋ ಎರಡೋ ಪಟ್ಟಿ ತೆಗೆದಿಡಿ. ಮಿನಿ ಟವರ್‌ನಲ್ಲಿ ಒಂದೇ ಉದ್ದದ ಎರಡು ಸ್ಲಾಟ್ ಕಾಣುತ್ತವೆ. ಪ್ರೊಸೆಸರ್‌ಗೆ ಹತ್ತಿರದ್ದೇ ಪೂರ್ತಿ 16 ಲೇನ್‌ನದು, ಇನ್ನೊಂದಕ್ಕೆ ನಾಲ್ಕೇ ಲೇನ್. ಕಾರ್ಡನ್ನು ಅಂಚುಗಳಲ್ಲಿ ಹಿಡಿದು ಎರಡೂ ತುದಿಗೆ ಸಮನಾಗಿ ಒತ್ತಿ, ಸ್ಲಾಟ್ ತುದಿಯ ಕ್ಲಿಪ್ ಟಕ್ ಎನ್ನಬೇಕು. ಸಾಟಾ ಕೇಬಲ್‌ಗಳು ಫ್ಯಾನ್‌ಗೆ ತಾಗದಂತೆ ಸರಿಸಿ ಲ್ಯಾಚ್ ಮುಚ್ಚಿ.

ಮಾನಿಟರ್ ಕೇಬಲನ್ನು ಹೊಸ ಕಾರ್ಡ್‌ನ ಪೋರ್ಟ್‌ಗೇ ಹಾಕಿ. ಕಾರ್ಡ್ ಕಂಡ ತಕ್ಷಣ ಬೋರ್ಡ್ ತನ್ನ ಹಿಂದಿನ ಪೋರ್ಟ್‌ಗಳನ್ನು ನಿಲ್ಲಿಸುತ್ತದೆ. ಪರದೆ ಕಪ್ಪಾಗಿದೆ, ಕಾರ್ಡ್ ಹಾಳು ಎಂದು ವಾಪಸ್ ಕೊಡುವ ಎಷ್ಟೋ ಜನರ ತೊಂದರೆ ಇಷ್ಟೇ.

ಡ್ರೈವರನ್ನು ಎನ್ವಿಡಿಯಾ ಅಥವಾ ಎಎಂಡಿ ಸೈಟ್‌ನಿಂದ ಹಾಕಿ ರೀಸ್ಟಾರ್ಟ್ ಮಾಡಿ. ಜಿಪಿಯು-ಝಡ್ ತೆರೆದು ಬಸ್ ಇಂಟರ್ಫೇಸ್ ಸಾಲಿನ ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ, ರೆಂಡರ್ ಟೆಸ್ಟ್ ಓಡಿಸಿ. 1650ಕ್ಕೆ ಅಲ್ಲಿ 16 ಲೇನ್, 3.0 (ಎರಡನೇ ತಲೆಮಾರಿನ ಪ್ರೊಸೆಸರ್ ಇದ್ದರೆ 2.0) ಎಂದು ಬರಬೇಕು. ಎಂಟೋ ನಾಲ್ಕೋ ಕಂಡರೆ ಕಾರ್ಡ್ ಸರಿಯಾಗಿ ಕೂತಿಲ್ಲ ಅಥವಾ ಚಿನ್ನದ ಪಟ್ಟಿಗಳಲ್ಲಿ ಕೊಳೆ ಇದೆ. ಐಸೊಪ್ರೊಪಿಲ್ ಆಲ್ಕೋಹಾಲ್‌ನಿಂದ ಒರೆಸಿ, ಆರಿದ ಮೇಲೆ ಮತ್ತೆ ಕೂರಿಸಿ.

ಆನ್ ಆಗದಿದ್ದರೆ

ಬೀಪ್ ಎಣಿಸಿ. ಆರು ಬಂದರೆ ಗ್ರಾಫಿಕ್ಸ್ ಕಾರ್ಡ್‌ನ ತೊಂದರೆ, ತೆಗೆದು ಮತ್ತೆ ಹಾಕಿ. ಎರಡು ಅಥವಾ ನಾಲ್ಕು ಬಂದರೆ ರ‍್ಯಾಮ್, ಬಹುಶಃ ಕೆಲಸದ ನಡುವೆ ಕೈತಾಗಿ ಸಡಿಲಾಗಿದೆ. ಐದು ಬಂದರೆ ಬೋರ್ಡ್‌ನ ಸಿಆರ್2032 ಸೆಲ್ ಮುಗಿದಿದೆ. ಇಷ್ಟು ಹಳೇ ಯಂತ್ರದಲ್ಲಿ ಅದನ್ನು ಹೇಗೂ ಬದಲಿಸುವುದು ಒಳ್ಳೆಯದು. ಡೆಸ್ಕ್‌ಟಾಪ್‌ನಲ್ಲಿ ಸರಿಯಿದ್ದು ಗೇಮ್ ಶುರುವಾದೊಡನೆ ಪೂರ್ತಿ ಆಫ್ ಆಗುತ್ತಿದ್ದರೆ ಎಸ್‌ಎಂಪಿಎಸ್ ಸೋತಿದೆ ಎಂದೇ ಮೊದಲು ಅನುಮಾನಿಸಿ.

ಗೇಮ್ ತಡೆತಡೆದು ಓಡಿದರೆ ರ‍್ಯಾಮ್ ನೋಡಿ. ಒಂದೇ 8 ಜಿಬಿ ಇದ್ದರೆ ಅದೇ ವೇಗದ, ಅಂದರೆ 1600ರ ಇನ್ನೊಂದು ಸೇರಿಸಿ; ಡ್ಯುಯಲ್ ಚಾನೆಲ್ ಆಗುತ್ತದೆ, ಅಂದರೆ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಹೊಸ ಗೇಮ್ ಶುರುವೇ ಆಗದೆ ಎವಿಎಕ್ಸ್2 ಬೇಕು ಎಂದರೆ, ಪ್ರೊಸೆಸರ್‌ನ ಆ ಸೌಲಭ್ಯ ಇಂಟೆಲ್‌ನಲ್ಲಿ ನಾಲ್ಕನೇ ತಲೆಮಾರಿನಿಂದ ಬಂದದ್ದು. 7010ರಲ್ಲಿ ಯಾವ ಕಾರ್ಡ್ ಹಾಕಿದರೂ ಆ ಗೇಮ್ ಓಡದು. ನಿಮಗೆ ಬೇಕಾದ ಗೇಮ್‌ನ ಕನಿಷ್ಠ ಅಗತ್ಯಗಳ ಪಟ್ಟಿಯಲ್ಲಿ ಪ್ರೊಸೆಸರ್ ಸಾಲನ್ನು ಕಾರ್ಡ್‌ಗೆ ದುಡ್ಡು ಕೊಡುವ ಮೊದಲೇ ಓದಿಕೊಳ್ಳಿ.